ಸದ್ದು ನಿಂತ ಲಾರಿ

ಮುರ್ಗಾಬ್ ಪೇಟೆಯಾಚೆಯ ನಮ್ಮ ಬೆಟ್ಟದೂರಲ್ಲಿ ಎಲ್ಲಕ್ಕೂ ಒಂದೇ ಮದ್ದು, ಕುರಿಬಾಲದ ಕೊಬ್ಬು. ಮಗುವಿಗೆ ಕೆಮ್ಮಾದರೆ ಎದೆಗೆ, ಬಾಗಿಲು ಕಿರುಗುಟ್ಟಿದರೆ ತಿರುಗಣಿಗೆ. ನನ್ನ ತಂಗಿ ಮಾರಾಲಳ ಗಂಡ ಅಸನಾಲಿ ಅದನ್ನು ಲಾರಿಗೂ ತುಂಬಿದ. ನಾಲ್ಕೂ ಗಾಲಿ ಎಳೆಯುವ ಹಳೆಯ ಮಿಲಿಟರಿ ಲಾರಿ. ಮುಂದಿನ ಡಿಫರೆನ್ಷಿಯಲ್, ಅಂದರೆ ಮುಂಗಾಲಿಗಳ ನಡುವಿನ ಕಬ್ಬಿಣದ ಗುಂಡು, ಬಹಳ ದಿನದಿಂದ ಗೋಳಿಡುತ್ತಿತ್ತು. ಕೊಬ್ಬು ಒಳಗೆ ಹೋದದ್ದೇ ತೆಪ್ಪಗಾಯಿತು. ಇವನು ಊರೆಲ್ಲ ಬೀಗುತ್ತ ತಿರುಗಿದ.

ಅದೇ ಹೊತ್ತಿಗೆ ಸೂಲಗಿತ್ತಿ ಮಾರಾಲಳ ಹೊಟ್ಟೆ ಮುಟ್ಟಿ ನೋಡಿ, ಮಗು ಅಡ್ಡ ಮಲಗಿದೆ, ಓಶ್ ಪಟ್ಟಣದ ಆಸ್ಪತ್ರೆಗೆ ಒಯ್ಯಿರಿ ಎಂದಳು. ನಡುವೆ ಆಕ್‌ಬೈತಾಲ್ ಘಟ್ಟ, ಮೊಣಕಾಲು ಮುಳುಗುವ ಹಿಮ. ಮುಂಗಾಲಿ ಎಳೆಯದಿದ್ದರೆ ಹತ್ತುವ ಮಾತೇ ಇಲ್ಲ.

ಮೊದಲು ಜಿಪಾರಕ್ಕನಿಗೆ ಲಾರಿ ತೋರಿಸು ಎಂದು ಹಟ ಹಿಡಿದವಳು ನಾನು. ಜಿಪಾರಕ್ಕನ ಗಂಡ ಮೆಕ್ಯಾನಿಕ್. ಅವನು ಸತ್ತಾಗ ಯಾರದೋ ಲಾರಿ ಅಂಗಳದಲ್ಲಿ ಬಿಚ್ಚಿ ಬಿದ್ದಿತ್ತು. ಜೋಡಿಸಲು ಯಾರೂ ಬರಲಿಲ್ಲ, ಇವಳೇ ಜೋಡಿಸಿದಳು. ಐದು ಮಕ್ಕಳನ್ನು ಸಾಕಿ ದಡ ಸೇರಿಸಿದ್ದು ಆ ಅಂಗಳದಲ್ಲೇ.

"ಸದ್ದೇ ಇಲ್ವಲ್ಲಕ್ಕ, ಇನ್ನೇನು ನೋಡ್ತೀಯ?" ಎಂದ ಅಸನಾಲಿ.

"ಅದಕ್ಕೇ ಹೆದರಿಕೆ ಕಣೋ. ಏನ್ ತುರುಕಿದೀಯ?"

"ಸ್ವಲ್ಪ ಕೊಬ್ಬು."

"ನಿಂದೋ, ಕುರೀದೋ?"

ಮುಂಗಾಲಿಗಳನ್ನು ಜ್ಯಾಕಿನಿಂದ ಎತ್ತಿಸಿ, ಹೆಪ್ಪುಗಟ್ಟಿದ ನೆಲದ ಮೇಲೆ ಕಂಬಳಿ ಹಾಸಿ ಮಲಗಿದಳು. ಕಬ್ಬಿಣದ ಸರಳಿನ ಒಂದು ತುದಿಯನ್ನು ಆ ಗುಂಡಿಗೆ ಒತ್ತಿ, ಇನ್ನೊಂದನ್ನು ಹಲ್ಲಲ್ಲಿ ಕಚ್ಚಿಕೊಂಡು, ಗಾಲಿ ತಿರುಗಿಸು ಎಂದು ನನಗೆ ಕೈಸನ್ನೆ ಮಾಡಿದಳು. ಕಣ್ಣು ಮುಚ್ಚಿತ್ತು. ನಾನು ತಿರುಗಿಸಿದೆ, ಅವಳು ಸರಳಿನಗುಂಟ ಬಂದ ಒಳಗಿನ ಸದ್ದನ್ನು ಹಲ್ಲಿನಲ್ಲೇ ಆಲಿಸಿದಳು.

"ಬೇರಿಂಗ್ ಹೋಗಿದೆ," ಎಂದಳು.

ಬಿಚ್ಚಿದಾಗ ಕೊಬ್ಬು ಕಲ್ಲಾಗಿತ್ತು. ಗೇರು ಅದರಲ್ಲಿ ತನಗೊಂದು ಕಾಲುವೆ ಕೊರೆದುಕೊಂಡು ಒಣ ಒಣ ಸುತ್ತುತ್ತಿತ್ತು. ಜಿಪಾರಕ್ಕನ ಅಂಗೈಯಲ್ಲಿ ಲೋಹದ ಚೂರುಗಳು ಮಿನುಗಿದವು.

"ಘಟ್ಟದ ಮಧ್ಯೆ ಕಚ್ಕೊಂಡು ನಿಂತ್‌ಬಿಡೋದು," ಎಂದಳು. ನನಗೋ ಅಸನಾಲಿಯನ್ನು ಹಸಿಹಸಿ ತಿನ್ನುವಷ್ಟು ಸಿಟ್ಟು.

ಹೊಸ ಬೇರಿಂಗ್ ಬೇಕೆಂದರೆ ಓಶ್‌ಗೇ ಹೋಗಬೇಕು. ಜಿಪಾರಕ್ಕ ಕೈ ಒರೆಸಿಕೊಳ್ಳುತ್ತ ಊರ ಬಾವಿಯ ಕಡೆ ನೋಡಿದಳು. ಕೆಟ್ಟುಹೋದ ಇಂಥದೇ ಲಾರಿಯ ಬೇರಿಂಗ್ ಹಾಕಿ ಅದಕ್ಕೆ ರಾಟೆ ಮಾಡಿಕೊಟ್ಟವಳು ಅವಳೇ. ಆಳದ ಬಾವಿ. ರಾಟೆಯಿದ್ದರೆ ಒಂದೇ ಕೈಯಲ್ಲಿ ನೀರು ಮೇಲೆ ಬರುತ್ತಿತ್ತು.

"ಅದನ್ನ ಕಿತ್ರೆ ಚಳಿಗಾಲ ಪೂರ್ತಿ ಹಗ್ಗ ಎಳೀಬೇಕು ನೀವು," ಎಂದಳು, ಬಾವಿಯ ಬಳಿ ನಿಂತ ಹೆಂಗಸರಿಗೆ.

"ನಮಗೇನು ಕೈ ಇಲ್ವಾ? ಕೀಳು," ಎಂದಳು ಅವರಲ್ಲೊಬ್ಬ ಮುದುಕಿ.

ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಕೂರಿಸಿದಳು. ಆಮೇಲೆ ಗೇರಿನ ಹಲ್ಲುಗಳಿಗೆ ಎಣ್ಣೆ ಕಲೆಸಿದ ಮಸಿ ಸವರಿ ತಿರುಗಿಸಿ, ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆಂದು ನೋಡಿದಳು. ಹಲ್ಲಿನ ನಡುವೆ ಬೀಳಬೇಕಾದ ಗುರುತು ಅಂಚಿಗೆ ಸರಿದಿತ್ತು. ತಗಡಿನ ಡಬ್ಬಿಯಿಂದ ತೆಳ್ಳಗೆ ಬಳೆ ಕತ್ತರಿಸಿ, ಗೇರು ಒಂದಿಷ್ಟು ಸರಿಯಲೆಂದು ಬೇರಿಂಗಿನ ಬೆನ್ನಿಗೆ ಇಟ್ಟಳು. ಮತ್ತೆ ಮಸಿ, ಮತ್ತೆ ಬಿಚ್ಚುವುದು. ಬೆರಳುಗಳು ಚಳಿಗೆ ನೀಲಿಯಾಗಿದ್ದವು.

"ಸಾಕು ಬಿಡಕ್ಕ, ಹೊತ್ತಾಯ್ತು," ಎಂದು ರೇಗಿದೆ.

"ಹೋಗೋದು ನಿನ್ ತಂಗಿ," ಎಂದಳು, ತಲೆಯೆತ್ತದೆ.

ಕೊನೆಗೆ ಮಸಿ ಪ್ರತಿಯೊಂದು ಹಲ್ಲಿನ ನಟ್ಟನಡುವೆ, ಹೆಬ್ಬೆಟ್ಟು ಒತ್ತಿದಂತೆ ಮೂಡಿತು. ಇಂಥ ಹೆಂಗಸಿನ ಪಕ್ಕದ ಮನೆಯಲ್ಲಿದ್ದು ಇಷ್ಟು ವರ್ಷ ಬರೀ ಹಿಟ್ಟು, ಉಪ್ಪು ಸಾಲ ಕೇಳಿಕೊಂಡಿದ್ದೆನಲ್ಲ. ತನ್ನಲ್ಲಿದ್ದ ಎಣ್ಣೆಯನ್ನೆಲ್ಲ ಬಿಸಿಮಾಡಿ ಸುರಿದು, ಹೊರಡಿ ಎಂದಳು.

ಮಾರಾಲ್, ಅಸನಾಲಿ ಹೊರಟ ಬೆನ್ನಿಗೇ ಘಟ್ಟ ಹಿಮದಲ್ಲಿ ಮುಚ್ಚಿಹೋಯಿತು. ಆ ಚಳಿಗಾಲ ಹೆಪ್ಪುಗಟ್ಟಿದ ಹಗ್ಗ ಎಳೆದೆಳೆದು ನಮ್ಮ ಅಂಗೈ ಸುಲಿಯಿತು, ಕೂಡಿತು, ಮತ್ತೆ ಸುಲಿಯಿತು. ಕೈಲಾಗದ ಮುದುಕಿಯರ ಪಾಲಿನ ನೀರನ್ನು ಜಿಪಾರಕ್ಕ ಸೇದಿದಳು.

ಹಿಮ ಕರಗಿದ ಮೇಲೆ ಲಾರಿ ಬಂತು. ಮಾರಾಲ್ ಇಳಿದಳು, ತೋಳಲ್ಲಿ ಹೆಣ್ಣುಮಗು. ಎತ್ತಿಕೊಳ್ಳಿ ಎಂದು ಚಾಚಿದಾಗ ನಾವೆಲ್ಲ ಕೈ ಹಿಂದಕ್ಕೆಳೆದುಕೊಂಡೆವು. ಎಳೆಯ ಮೈ ತರಚೀತು ಅನ್ನುವಷ್ಟು ಒರಟಾಗಿದ್ದವು. ಅವಳು ನಮ್ಮ ಕೈಗಳನ್ನು ನೋಡಿದಳು. ಮಗುವಿನ ಹೊದಿಕೆ ಬಿಚ್ಚಿ, ಒಬ್ಬೊಬ್ಬರ ಅಂಗೈ ಮೇಲೂ ಮಲಗಿಸುತ್ತ ಹೋದಳು, ಮೊದಲು ಜಿಪಾರಕ್ಕನ ಅಂಗೈ ಮೇಲೆ.