ನೀಲಿಯಾಗಬಾರದ ನೀರು

ಅಕ್ಕೋರ ಎಡಗೈಯಲ್ಲಿ, ಮೊಣಕೈಗಿಂತ ತುಸು ಕೆಳಗೆ, ಒಂದು ನರ ಹಗ್ಗದಂತೆ ಉಬ್ಬಿತ್ತು. ಅದರ ಮೇಲೆ ಬೆರಳಿಟ್ಟರೆ ಒಳಗೆ ಹಿಟ್ಟಿನ ಗಿರಣಿ ನಡೆದ ಹಾಗೆ ಗುರ್ ಎನ್ನುತ್ತಿತ್ತು. ಮೂತ್ರಪಿಂಡ ಎರಡೂ ಕೈಕೊಟ್ಟ ಮೇಲೆ ಡಯಾಲಿಸಿಸ್‌ಗೆಂದು ಡಾಕ್ಟರು ಕೊಯ್ದು ಜೋಡಿಸಿಕೊಟ್ಟ ನರ ಅದು. ಆ ಕೈಯನ್ನು ಕಿಟಕಿಗೆ ಊರಿ, ಇನ್ನೊಂದರಲ್ಲಿ ಗಾಜಿನ ಪುಟ್ಟ ನಳಿಕೆಯನ್ನು ಬೆಳಕಿಗೆ ಹಿಡಿದು ನಿಂತಿರುತ್ತಿದ್ದರು. ನಳಿಕೆಯಲ್ಲಿ ಅವರ ಅಕ್ವೇರಿಯಂ ನೀರು. ಪರೀಕ್ಷೆಯ ಹನಿ ಬಿದ್ದ ಮೇಲೆ ಅದು ನೀಲಿಯಾಗಬಾರದು. ಪ್ರತಿ ಸಲವೂ ಆಗುತ್ತಿತ್ತು.

ತಾಳಿಕೋಟೆಯ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು ಅವರು. ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದರೆ ಎದುರುಮನೆಯಲ್ಲೂ ಅವರೇ. ಇಲ್ಲೂ ಪರೀಕ್ಷೆ ತಪ್ಪಲಿಲ್ಲವಲ್ಲ ಎಂದು ಅಂಜಿದ್ದೆ. ಒಂಟಿ ಜೀವ. ನಿವೃತ್ತಿಯಾದ ಮೇಲೆ ಪಡಸಾಲೆಯಲ್ಲಿ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ ಇಟ್ಟು, ಮುಂಬೈಯಿಂದ ಉಪ್ಪು, ಕಲ್ಲು, ಜೀವಂತ ಹವಳ ತರಿಸಿ ಒಂದು ತುಂಡು ಸಮುದ್ರ ಮಾಡಿಕೊಂಡಿದ್ದರು. ಈ ಬಿಸಿಲೂರಿನಲ್ಲಿ ಇದೆಂಥ ಹುಚ್ಚು ಎಂದು ಓಣಿಯವರ ಜೊತೆ ನಾನೂ ನಕ್ಕಿದ್ದೆ. ಹವಳ ಹೂವಿನಂತೆ ಅರಳುವುದನ್ನು ಒಮ್ಮೆ ಕಂಡ ಮೇಲೆ ಬಾಯಿ ಮುಚ್ಚಿದೆ.

ನೀರು ನೀಲಿಯಾದರೆ ಅದರಲ್ಲಿ ಫಾಸ್ಫೇಟ್ ಹೆಚ್ಚಿದೆ ಎಂದರ್ಥ. ಮೀನಿಗೆ ಹಾಕಿದ ಆಹಾರ ಮಿಕ್ಕು ಕೊಳೆತರೆ ಅದು ಸೇರಿಕೊಳ್ಳುತ್ತದೆ, ಹವಳ ನವೆಯುತ್ತದೆ. ಅಕ್ಕೋರ ರಕ್ತದಲ್ಲೂ ಅದೇ ಫಾಸ್ಫೇಟ್ ತುಂಬಿಕೊಳ್ಳುತ್ತಿತ್ತು. ಶೇಂಗಾ, ಹಾಲು, ಮೊಸರು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೊಸರು ಬಿಟ್ಟರೆ ನಮ್ಮ ಕಡೆ ರೊಟ್ಟಿ ಗಂಟಲಿಗಿಳಿಯಬೇಕಲ್ಲ. ನಮ್ಮ ಅತ್ತೆ ದಿನಾ ತಾಟು ತುಂಬಿ ಒಯ್ದು, ಎದುರಿಗೆ ಕೂತು ಉಣಿಸುತ್ತಿದ್ದರು. ಅಕ್ಕೋರು ಬೇಡ ಎನ್ನುತ್ತಿರಲಿಲ್ಲ. ಉಂಡು, ಮೇಲೊಂದು ಫಾಸ್ಫೇಟ್ ಹಿಡಿಯುವ ಗುಳಿಗೆ ಅಗಿಯುತ್ತಿದ್ದರು. ಅವರದಾದ ಮೇಲೆ ಅತ್ತೆ ಮೀನಿಗೂ ಡಬ್ಬಿಯ ಆಹಾರ ಒಂದು ಚಿಟಿಕೆ ಹಾಕಿ ಬರುತ್ತಿದ್ದರು. ಹಾಲಿನವನೂ ಹಾಕುತ್ತಿದ್ದ, ಬಾಡಿಗೆ ಮನೆ ಕೇಳಲು ಬಂದವರೂ ಹಾಕುತ್ತಿದ್ದರು. ಮೀನುಗಳು ಗಾಜಿಗೆ ಬಾಯಿ ಹಚ್ಚಿ ನಿಂತರೆ ಯಾರ ಕೈ ತಡೆದೀತು?

ಒಂದು ಮಧ್ಯಾಹ್ನ ಅಕ್ಕೋರು ಮಂಚದ ಮೇಲೆ ಒಂದು ಚೀಲ, ಒಂದು ಬಾಟಲಿ, ಒಂದು ಹಿಡಿ ಹಸಿ ಪಾಚಿ ಇಟ್ಟುಕೊಂಡು ಕೂತಿದ್ದರು. ಫಾಸ್ಫೇಟ್ ತೆಗೆಯಲು ಮೂರು ದಾರಿ, ಒಂದನ್ನು ಆರಿಸಬೇಕಿತ್ತು. ಬಾಟಲಿಯದು ಲ್ಯಾಂಥನಮ್ ಹನಿ. ತಮ್ಮ ಗುಳಿಗೆಯಲ್ಲಿರುವುದೂ ಅದೇ ಎಂದು ನಕ್ಕರು. ಆದರೆ ಹನಿ ಬಿದ್ದಲ್ಲಿ ನೀರು ಬೆಳ್ಳಗೆ ಕದಡಿ, ಮೀನಿಗೆ ಉಸಿರು ಕಟ್ಟುವ ಭಯ. ಚೀಲದಲ್ಲಿದ್ದದ್ದು ಕಬ್ಬಿಣದ ಹರಳು, ಬಲು ಬೇಗ ಹೀರುತ್ತದೆ.

“ಒಮ್ಮೆಲೆ ಇಳಿಸಿದ್ರ ಹವಳ ತಡ್ಕೊಳ್ಳಂಗಿಲ್ಲವಾ. ಡಯಾಲಿಸಿಸ್ ಮಶಿನ್ ಮ್ಯಾಲಿಂದ ಎದ್ದಾಗ ನಾ ಹೆಂಗ ಆಗಿರ್ತೇನಿ, ಜೋಡಿ ಬರೂ ನೀನ ನೋಡಿಯಲ್ಲ?” ಎಂದರು.

ಉಳಿದದ್ದು ಪಾಚಿ. ತೊಟ್ಟಿಯ ಪಕ್ಕದ ಗೂಡಿನಲ್ಲಿ ದೀಪ ಹಚ್ಚಿ ಬೆಳೆಸಬೇಕು. ಅದು ಫಾಸ್ಫೇಟ್ ತಿಂದು ದಪ್ಪವಾಗುತ್ತದೆ, ಕಿತ್ತು ಎಸೆಯಬೇಕು. ಹಿಡಿತಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ಅಷ್ಟು ತಿಂಗಳು ನಿಮ್ಮ ಹತ್ತಿರ ಇವೆಯೇ ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಬದಲಿಗೆ, ಯಾವುದನ್ನಾದರೂ ಹಾಕಿ, ಮೊದಲು ಬಂದವರಿಗೆ ಮೀನಿಗೆ ಉಣಿಸಬೇಡಿ ಎಂದು ಹೇಳಿ ಎಂದು ರೇಗಿದೆ. ತರಗತಿಯಲ್ಲಿ ಸೂತ್ರ ತಪ್ಪಿದರೆ ಗೋಡೆ ನಡುಗುವಂತೆ ಗದರುತ್ತಿದ್ದವರು ತಲೆ ತಗ್ಗಿಸಿದರು.

“ಮನಿಗೆ ಬಂದವ್ರಿಗೆ ಉಣಸಬ್ಯಾಡ್ರಿ ಅಂತ ಹೆಂಗ ಅನ್ನೂದವಾ? ಆ ಬಾಯಿ ನನಗಿಲ್ಲ.”

ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಗೂಡಿಗೆ ಹಾಕಿದ ಪಾಚಿ ಇನ್ನೂ ಬೆರಳುದ್ದ ಬೆಳೆದಿರಲಿಲ್ಲ. ವಿಜಯಪುರದಲ್ಲಿ ಡಯಾಲಿಸಿಸ್ ಮುಗಿಸಿ ಬರುವಾಗ, ಬಸವನ ಬಾಗೇವಾಡಿ ದಾಟಿದ ಮೇಲೆ, ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿದರು. ನಿದ್ದೆ ಎಂದುಕೊಂಡೆ. ಸೆರಗು ಸರಿಪಡಿಸಲು ಹೋಗಿ ಆ ನರದ ಮೇಲೆ ಕೈಯಿಟ್ಟೆ. ಗಿರಣಿ ನಿಂತಿತ್ತು.

ದುಃಖ ಕೇಳಲು ಮನೆ ತುಂಬ ಜನ ಬಂದರು. ಅಕ್ಕೋರ ಜೀವವೆಲ್ಲ ಇದರಲ್ಲೇ ಇತ್ತು ಎನ್ನುತ್ತ, ಬಂದವರೆಲ್ಲ ತೊಟ್ಟಿಗೆ ಒಂದು ಚಿಟಿಕೆ ಹಾಕಿದರು. ನಾನು ಬ್ಯಾಡ್ರಿ ಎಂದೆ. ಉಣ್ಣುವವರ ಮುಂದಿನ ತಾಟು ಕಸಿದವಳನ್ನು ನೋಡುವಂತೆ ಅತ್ತೆ ನನ್ನನ್ನು ನೋಡಿದರು. ಮೀನು ಸತ್ತವು. ಹವಳ ಒಂದೊಂದೇ ಎಲುಬಿನಂತೆ ಬೆಳ್ಳಗಾದವು.

ತಿಂಗಳ ಮೇಲೆ ಅಕ್ಕೋರ ತಮ್ಮನ ಮಗ ತೊಟ್ಟಿ ಖಾಲಿ ಮಾಡಲು ಬಂದ. ಉಣ್ಣುವ ಜೀವ ಒಂದೂ ಉಳಿಯದೆ ಆಗಲೇ ಬಹಳ ದಿನವಾಗಿತ್ತು, ಯಾರೂ ಏನೂ ಹಾಕಿರಲಿಲ್ಲ. ಆದರೂ ಅವರು ಕಲಿಸಿದಂತೆ ನಳಿಕೆ ತುಂಬಿ, ಹನಿ ಬಿಟ್ಟು, ಕಿಟಕಿಗೆ ಹಿಡಿದೆ. ನೀರು ಹಿಂದೆಂದೂ ಇಲ್ಲದಷ್ಟು ನೀಲಿಯಾಯಿತು. ಕಲ್ಲುಗಳು ಫಾಸ್ಫೇಟ್ ಹೀರಿ ಇಟ್ಟುಕೊಂಡು, ಎಷ್ಟೋ ಕಾಲ ಬಿಡುತ್ತಲೇ ಇರುತ್ತವೆ ಎಂದು ಅಕ್ಕೋರು ಹೇಳಿದ್ದರು.

ತಾಟು ಒಯ್ಯಲು ಎದುರುಮನೆ ಇಲ್ಲದೆ ಸೊರಗಿದ್ದ ಅತ್ತೆ ಬಾಗಿಲಲ್ಲಿ ನಿಂತು, ಅದೇನು ಅಷ್ಟು ನೀಲಿ ಎಂದು ಕೇಳಿದರು.

“ನಾವು ಉಣಿಸಿದ್ದು ರೀ,” ಎಂದೆ.