ಮೃದಂಗಕ್ಕೆ ಸುತ್ತಿದ ಮಡಿಸೀರೆ

ನಮ್ಮ ತುಂಗಾ ಚಿಕ್ಕಮ್ಮನಿಗೆ ದಣಿವೆಂಬುದೇ ಇಲ್ಲ ಎಂದು ಆದೋನಿಯ ಅರ್ಧ ಜನ ನಂಬಿದ್ದರು. ಹಾಗೆ ನಂಬುವುದು ಅವರಿಗೆ ಅನುಕೂಲವೂ ಆಗಿತ್ತು. ಚಿಕ್ಕಪ್ಪ ಸೇತುಮಾಧವರಾಯರು ಹತ್ತಿ ಜಿನ್ನಿನಲ್ಲಿ ಗುಮಾಸ್ತರು. ಮನೆ ಸಾಗುತ್ತಿದ್ದುದು ಚಿಕ್ಕಮ್ಮನ ಕೈಯಿಂದ. ಕಾಲೇಜಿಗೆಂದು ಬಂದು ಅವರ ಮನೆಯಲ್ಲಿದ್ದ ನಾನು ಎಲ್ಲವನ್ನೂ ಹತ್ತಿರದಿಂದ ನೋಡಿ, ಆಕೆಯ ಪರವಾಗಿ ಸಿಟ್ಟು ಮಾಡಿಕೊಳ್ಳುತ್ತಿದ್ದೆ.

ಪ್ರತಿ ಪುಷ್ಯಮಾಸದಲ್ಲಿ ಮಾಧವರಂ ಹತ್ತಿರ, ತುಂಗಭದ್ರೆಯ ಉಸುಕಿನ ಮೇಲೆ, ದಾಸರ ಪದಗಳನ್ನು ಹಾಡುವ ಮೂರು ದಿನದ ಮೇಳ ನಡೆಯುತ್ತಿತ್ತು. ಬಳ್ಳಾರಿ, ರಾಯಚೂರು ಕಡೆಯ ಮಂಡಳಿಗಳು ಬಂದು ತಟ್ಟಿಯ ಡೇರೆ ಹಾಕಿಕೊಂಡು ಅಲ್ಲೇ ಉಳಿಯುತ್ತಿದ್ದವು. ಆದೋನಿಯಿಂದ ಜಾನಕಿಬಾಯಿಯವರ ಮಹಿಳಾ ಮಂಡಳಿ ಹೋಗುತ್ತಿತ್ತು. ಹೋಗುವವರು ಅವರು, ಗಂಟು ಕಟ್ಟುವವಳು ಚಿಕ್ಕಮ್ಮ.

ವಾರ ಮೊದಲೇ ನಮ್ಮ ಪಡಸಾಲೆ ಗೂಡ್ಸ್ ಶೆಡ್ಡಾಗುತ್ತಿತ್ತು. ಅವಲಕ್ಕಿ, ಚಟ್ನಿಪುಡಿ, ತಾಮ್ರದ ಕೊಡ, ಡೇರೆಯ ಹಗ್ಗ, ಲಾಟೀನು. ಒಬ್ಬರಿಗೆ ತಮ್ಮದೇ ದಿಂಬು ಇಲ್ಲದಿದ್ದರೆ ನಿದ್ದೆ ಇಲ್ಲ, ಇನ್ನೊಬ್ಬರ ಮಂಡಿಗೆ ಎಣ್ಣೆ ಇಲ್ಲದಿದ್ದರೆ ನಡಿಗೆ ಇಲ್ಲ, ಜಾನಕಿಬಾಯಿಯವರ ಗಂಟಲಿಗೆ ಜ್ಯೇಷ್ಠಮಧು ಬೇಕೇ ಬೇಕು. ಅಲ್ಲಿ ಎಲ್ಲರಿಗೂ ಸಾಮೂಹಿಕ ಊಟವಿತ್ತು, ಅಡುಗೆಯವರೂ ಮಡಿಯವರೇ. ಆದರೆ ನಮ್ಮ ಮಂಡಳಿಯವರಿಗೆ ಪರರ ಕೈಯಡುಗೆ ಸೇರದು. ಹಾಗಾಗಿ ಒಲೆ, ಪಾತ್ರೆ, ಬೇಳೆ ಎಲ್ಲವೂ ಹೋಗಬೇಕು, ಮಡಿ ಉಟ್ಟು ಅಡುಗೆ ಮಾಡಲು ಚಿಕ್ಕಮ್ಮನೂ ಹೋಗಬೇಕು.

ಆಕೆಗೆ ಒಳ್ಳೆಯ ದನಿಯಿತ್ತು. ಮುಖಸ್ತುತಿಯಲ್ಲ, ಆಕೆ ಬೀಸುಕಲ್ಲಿನ ಮುಂದೆ ಹಾಡಿದರೆ ಪಕ್ಕದ ಮನೆಯ ಗುರುಶಾಂತಮ್ಮನವರು ಕೆಲಸ ಬಿಟ್ಟು ಗೋಡೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ಮೇಳದಲ್ಲಿ ಮಾತ್ರ ಆಕೆ ಒಮ್ಮೆಯೂ ಹಾಡಿರಲಿಲ್ಲ. ಮಡಿಯಲ್ಲಿದ್ದವಳು ಜನರ ನಡುವೆ ಹೋಗುವಂತಿಲ್ಲ. ಅಡುಗೆ ಮುಗಿಸಿ, ಬಡಿಸಿ, ಪಾತ್ರೆ ತೊಳೆಯುವಷ್ಟರಲ್ಲಿ ಮಂಡಳಿಯ ಸರದಿ ಮುಗಿದಿರುತ್ತಿತ್ತು. ವರ್ಷಗಟ್ಟಲೆ ಆಕೆ ಆ ಮೇಳವನ್ನು ತಟ್ಟಿಯ ಹಿಂದಿನಿಂದ ಕೇಳಿದ್ದಳು, ಅಷ್ಟೇ.

ಎಪ್ಪತ್ತೊಂಬತ್ತರ ಪುಷ್ಯದಲ್ಲಿ ಜಾನಕಿಬಾಯಿಯವರು ಬಂದು, "ತುಂಗಾ, ಈ ಸಲ ನಿನ್ನ ಹೆಸರೂ ಕೊಟ್ಟೀನಿ. ಶುಕ್ರವಾರ ಮಧ್ಯಾಹ್ನ ನಿನ್ನದೊಂದು ಪದ" ಎಂದರು. ಚಿಕ್ಕಮ್ಮನ ಮುಖ ಅರಳಿತು. ಅವರು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಮಾತು ಮುಗಿಸಿದರು: "ಅಡಿಗಿ ಲಗೂನ ಮುಗಿಸಿ ಬಂದುಬಿಡವ್ವ, ಅಷ್ಟ." ಎರಡು ವರ್ಷದ ಕೆಳಗೂ ಇದೇ ಮಾತು ಕೊಟ್ಟಿದ್ದರು. ಆ ಸಲ ತನ್ನ ಸರದಿ ಬಂದು ಹೋದಾಗ ಚಿಕ್ಕಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

ಹೊರಡುವ ಹಿಂದಿನ ಸಂಜೆ, ಮಂಡಳಿಗೆ ಪಕ್ಕವಾದ್ಯ ನುಡಿಸುವ ಪ್ರಾಣೇಶರಾಯರು ತಮ್ಮ ಮೃದಂಗವನ್ನು ನಮ್ಮ ಮನೆಗೆ ತಂದಿಟ್ಟು ಹೋದರು. ಲಾರಿಯ ಕುಲುಕಿಗೆ ಪೆಟ್ಟಾಗಬಾರದೆಂದು ಸುತ್ತಲು ನಾನು ಹಳೆಯ ದುಪ್ಪಟಿ ಹುಡುಕುತ್ತಿದ್ದೆ. ಚಿಕ್ಕಮ್ಮ ಕೋಲಿನಿಂದ ಗಳದ ಮೇಲಿದ್ದ ಪಟ್ಟೆಮಡಿಯ ಸೀರೆ ಇಳಿಸಿದಳು. ಅಡುಗೆಗೆ ಉಡಲು ಇದ್ದುದು ಅದೊಂದೇ ಸೀರೆ. ಅದನ್ನು ಕೈಯಲ್ಲಿ ಹಿಡಿದು ತಂದು ಮೃದಂಗದ ಚರ್ಮದ ಮೇಲೆ ಹಾಸಿದಳು.

"ಚಿಕ್ಕಮ್ಮಾ! ಮಡಿಸೀರಿ ಅದು! ಚರ್ಮಕ್ಕ ತಾಕ್ತಲ!"

"ಗೊತ್ತೈತಿ. ಆ ಕಡಿ ತುದಿ ಹಿಡಿ."

"ಮತ್ತ ಅಡಿಗಿ?"

ಆಕೆ ಹಾಸಿದ ಸೀರೆಯ ಮೇಲೆಯೇ ಕೈಯೂರಿ ಕೂತಳು. "ನನಗ ಸಾಕಾಗೇತವ್ವ. ಒಂದು ಪದ ಹಾಡಬೇಕು ಅನ್ನಸ್ತೈತಿ. ಒಂದ."

ನಾನು ಆ ಕಡೆಯ ತುದಿ ಹಿಡಿದೆ.

ಹತ್ತಿ ವ್ಯಾಪಾರಿ ಪಂಚಾಕ್ಷರಯ್ಯನವರ ಲಾರಿಯಲ್ಲಿ ನಮ್ಮ ಪ್ರಯಾಣ. ಡ್ರೈವರ್ ನರಸಣ್ಣ ಸಾಮಾನು ನೋಡಿ, ತೆಲುಗು ಬೆರೆಸಿ, "ಏಮಮ್ಮಾ ಇದಿ! ಸಂಸಾರನ ಕಿತ್ಕೊಂಡು ಹೊಂಟೀರೇನು?" ಎಂದ. ಪೆದ್ದಕಡುಬೂರಿನ ದಾರಿಯುದ್ದಕ್ಕೂ ಎಲ್ಲರೂ ಕುಲುಕುತ್ತ ಹಾಡಿದರು. ಚಿಕ್ಕಮ್ಮ ತುಪ್ಪದ ಡಬ್ಬಿ ಉರುಳದಂತೆ ಕಾಲಲ್ಲಿ ಒತ್ತಿ ಹಿಡಿದಿದ್ದಳು.

ಮಾಧವರಂ ಮುಟ್ಟಿ, ಡೇರೆ ಎದ್ದು, ಒಲೆಗೆ ಕಲ್ಲು ಹೂಡುವ ಹೊತ್ತಿಗೆ ಪ್ರಾಣೇಶರಾಯರು ಮೃದಂಗದ ಗಂಟು ಬಿಚ್ಚಿದರು. ಒಳಗಿಂದ ಪಟ್ಟೆಸೀರೆ ಬಂತು. ಅವರು ಅದನ್ನು ಎತ್ತಿ ಹಿಡಿದು ನಿಂತುಬಿಟ್ಟರು.

"ಅಯ್ಯ ತುಂಗಾ! ಎಂಥಾ ತಪ್ಪು ಮಾಡೀಯವ್ವ!" ಜಾನಕಿಬಾಯಿ ಬಾಯಿ ಮೇಲೆ ಕೈಯಿಟ್ಟರು.

"ತಪ್ಪಲ್ರಿ. ನಾನ ಸುತ್ತೀನಿ."

ಮಂಡಳಿಗೆ ಮಂಡಳಿಯೇ ಬೆರಗಾಯಿತು. ಜಾನಕಿಬಾಯಿ ಬೇಗ ಸುಧಾರಿಸಿಕೊಂಡರು. "ಆತು ಬಿಡು. ಹೊಳಿ ಇಲ್ಲೇ ಐತಿ. ಮುಳುಗಿ ಬಂದು ಒದ್ದಿ ಸೀರಿಲೇ ಮಾಡಿಬಿಡು. ಹಿಂದ ಮಾಡೀಯಲ?"

"ಮಾಡಿ ತಿಂಗಳಾನುಗಟ್ಟಲೆ ಕೆಮ್ಮೀನ್ರಿ. ಇವತ್ತ ನನ್ನ ಪದ ಐತಿ. ನಿಮ್ಮಾಗ ಯಾರರ ಮುಳುಗ್ರಿ."

ಒಬ್ಬರು ಶಾಲನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡರು. ಇನ್ನೊಬ್ಬರಿಗೆ ಅದೇ ಕ್ಷಣ ನೆಗಡಿ ಶುರುವಾಯಿತು. ಕೊನೆಗೆ ಎಲ್ಲರೂ ಮುಖ ಸಣ್ಣದು ಮಾಡಿಕೊಂಡು ಸಾಮೂಹಿಕ ಊಟದ ಪಂಕ್ತಿಯಲ್ಲಿ ಕೂತರು. ಪರರ ಕೈಯಡುಗೆ ಸೇರದವರು ಹುಳಿಯನ್ನು ಎರಡೆರಡು ಸಲ ಹಾಕಿಸಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡೆ.

ಊಟವಾದ ಮೇಲೆ ಚಿಕ್ಕಮ್ಮ ಮುಖ ತೊಳೆದು, ನೀಲಿ ಸೀರೆ ಉಟ್ಟು, ಚಪ್ಪರದ ಮುಂದಿನ ಸಾಲಿಗೆ ಬಂದು ಕೂತಳು. ಒಲೆ ಇಲ್ಲ, ಬಡಿಸುವುದಿಲ್ಲ, ಯಾರೂ ಕೂಗುವುದಿಲ್ಲ. ಹಿಂದೆ ಒಂದು ಹಾಸಿಗೆ ಸುರುಳಿ ಇತ್ತು, ಬೆನ್ನು ಅದಕ್ಕೆ ತಗುಲಿತು. ವೇದಿಕೆಯ ಮೇಲೆ ಯಾರೋ ನಿಧಾನವಾಗಿ ತಂಬೂರಿ ಶ್ರುತಿ ಮಾಡುತ್ತಿದ್ದರು.

"ಇಲ್ಲಿಂದ ಎಷ್ಟು ಚೊಲೋ ಕೇಳಸ್ತೈತೆಲ್ಲ," ಎಂದಳು. ನಾನು ತಿರುಗಿ ನೋಡುವಷ್ಟರಲ್ಲಿ ಬಾಯಿ ತುಸು ತೆರೆದು ನಿದ್ದೆ ಹೋಗಿದ್ದಳು.

ಮೈಕಿನಲ್ಲಿ ಹೆಸರು ಬಂತು: "ಆದೋನಿಯ ತುಂಗಾಬಾಯಿಯವರು!" ನಾನು ಭುಜ ಹಿಡಿದು ಅಲುಗಾಡಿಸಿದೆ, ಕಿವಿಯಲ್ಲಿ ಕೂಗಿದೆ, ಕೆನ್ನೆ ತಟ್ಟಿದೆ. ಆಕೆ 'ಹ್ಞೂಂ' ಎಂದು ಆ ಕಡೆ ಹೊರಳಿದಳು. ವರ್ಷಗಟ್ಟಲೆ ಬಾಕಿ ಇದ್ದ ನಿದ್ದೆ, ನನ್ನ ಕೈಗೆ ಬಗ್ಗಲಿಲ್ಲ. ಮತ್ತೊಮ್ಮೆ ಹೆಸರು ಕೂಗಿದರು.

"ಮಂಡಳಿ ಮರ್ಯಾದಿ ಹೋಗ್ತೈತಿ," ಎಂದು ಜಾನಕಿಬಾಯಿ ಎದ್ದರು. ವೇದಿಕೆ ಹತ್ತಿ, ಚಿಕ್ಕಮ್ಮ ವಾರವೆಲ್ಲ ಗಂಟು ಕಟ್ಟುತ್ತ ಗುನುಗಿದ್ದ ಪದವನ್ನೇ ಹಾಡಿದರು. ನನಗೆ ಮೈ ಉರಿಯಿತು.

ಚಪ್ಪಾಳೆಗೆ ಚಿಕ್ಕಮ್ಮ ದಡಬಡಿಸಿ ಎದ್ದಳು. "ಊಟ ಆತೇನ ಎಲ್ಲಾರದೂ? ಸಾರು ಉಕ್ಕಿತೇನ?" ಎಂದಳು. ಆಮೇಲೆ ವೇದಿಕೆ ಕಂಡಿತು, ಇಳಿದು ಬರುತ್ತಿದ್ದ ಜಾನಕಿಬಾಯಿ ಕಂಡರು.

"ನನ್ನ ಪದ ಆತೇನು?"

"ಆತು," ಎಂದೆ. ನನಗೆ ಅಳು ಬಂದಿತ್ತು. ಆಕೆ ಅಳಲಿಲ್ಲ.

ಭಾನುವಾರ ನರಸಣ್ಣ ಲಾರಿ ತಂದು ಹಾರ್ನ್ ಹೊಡೆದ. ಮಂಡಳಿಯವರು ರೂಢಿಯಂತೆ ಕೈಕಟ್ಟಿಕೊಂಡು ದಂಡೆಯ ಮೇಲೆ ನಿಂತರು. ಚಿಕ್ಕಮ್ಮ ತನ್ನದೊಂದು ಚೀಲ ಮಡಿಲಲ್ಲಿಟ್ಟುಕೊಂಡು ಉಸುಕಿನ ಮೇಲೆ ಕೂತಿದ್ದಳು.

"ತುಂಗಾ, ಹೊತ್ತಾತವ್ವ, ಕಟ್ಟು," ಎಂದರು ಜಾನಕಿಬಾಯಿ.

"ನನ್ನ ಪದ ನೀವು ಹಾಡಿದ್ರಿ. ನಿಮ್ಮ ಹಾಸಿಗಿ ನೀವು ಕಟ್ರಿ."

ನರಸಣ್ಣ ಮತ್ತೊಮ್ಮೆ ಹಾರ್ನ್ ಹೊಡೆದ ಮೇಲೆ ಜಾನಕಿಬಾಯಿ ಬಗ್ಗಿ ಹಾಸಿಗೆ ಸುತ್ತತೊಡಗಿದರು. ಸುರುಳಿ ಸಡಿಲವಾಯಿತು, ಹಗ್ಗ ಜಾರಿತು, ಮತ್ತೆ ಸುತ್ತಿದರು. ಪ್ರತಿ ಸಲ ಹಗ್ಗ ಜಾರಿದಾಗಲೂ ಚಿಕ್ಕಮ್ಮನ ಕೈಗಳು ತಾವಾಗಿಯೇ ಮುಂದೆ ಹೋಗುತ್ತಿದ್ದವು. ಆಕೆ ಅವನ್ನು ಸೆರಗಿನಲ್ಲಿ ಸುತ್ತಿ, ಬಿಗಿಯಾಗಿ ಹಿಡಿದುಕೊಂಡು ಕೂತಳು.