ಪುಕ್ಕ ಕೀಳುವ ಡ್ರಮ್ಮು

ಚೆಂಬೂರಿನ ಬಸಪ್ಪನವರ ಚಿಕನ್ ಅಂಗಡಿಯ ಮಾಂಸದಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿತ್ತು. ಇನ್ನೊಮ್ಮೆ ಸಿಕ್ಕರೆ ಮಾಂಸವೇ ಬೇಡ ಎಂದಿದ್ದರು ಅವರ ದೊಡ್ಡ ಗಿರಾಕಿ, ಒಂದು ಹೋಟೆಲಿನವರು. ಅದರ ಮೂಲ ಹುಡುಕಲು ಲ್ಯಾಬಿನಿಂದ ನಾನು ಹೋದೆ.

"ಫಾರ್ಮಿನಿಂದನ ಬರ್ತದ್ರಿ ಮೇಡಂ, ನಮ್ಮಲ್ಲಿ ಎಲ್ಲಾ ಸಾಫ್ ಅದ," ಎಂದರು ಬಸಪ್ಪ.

ಆಗಷ್ಟೇ ಬಂದ ಕೋಳಿಗಳ ಮೈ, ಚಾಕು, ಎಲ್ಲದರ ಮೇಲೂ ಹತ್ತಿಕಡ್ಡಿ ಉಜ್ಜಿ ಮಾದರಿ ತೆಗೆದುಕೊಂಡೆ. ಪುಕ್ಕ ಕೀಳುವ ಡ್ರಮ್ಮಿಗೆ ಮಾತ್ರ ಅವರು ಅಡ್ಡ ನಿಂತರು.

"ಇದನ್ನ ದಿನಾ ನಾನ ತೊಳಿತೀನ್ರಿ!"

ನಾನು ಬಿಡಲಿಲ್ಲ, ಅದರೊಳಗೂ ಉಜ್ಜಿದೆ.

ಕೆಲವು ದಿನಗಳ ನಂತರ ಫಲಿತಾಂಶ ನೋಡಿ ಲ್ಯಾಬಿನಲ್ಲೇ ಕೂಗಿಬಿಟ್ಟೆ. ಕೋಳಿಗಳಲ್ಲಿ ಇಲ್ಲ, ಚಾಕುವಿನಲ್ಲಿ ಇಲ್ಲ, ಡ್ರಮ್ಮಿನಲ್ಲಿದೆ! ಸಿಕ್ಕ ಲೋಕಲ್ ರೈಲು ಹತ್ತಿ ಅಂಗಡಿಗೆ ಓಡಿದೆ.

ವಿಷಯ ಕೇಳಿದ ಬಸಪ್ಪ, ಡ್ರಮ್ಮಿನೊಳಗೆ ಪುಕ್ಕ ಕೀಳುವ ರಬ್ಬರ್ ಬೆರಳುಗಳಲ್ಲಿ ಒಂದನ್ನು ಕಿತ್ತು ಬಗ್ಗಿಸಿದರು. ಬಿರುಕಿನ ತುಂಬ ಕಪ್ಪು ಕೊಳೆ. ಎಂದೋ ಒಂದು ಕೋಳಿ ಫಾರ್ಮಿನಿಂದ ತಂದದ್ದು ಅಲ್ಲೇ ಮನೆ ಮಾಡಿ, ಆಮೇಲೆ ಬಂದವಕ್ಕೆಲ್ಲ ಅಂಟುತ್ತಿತ್ತು.

"ಅಯ್ಯಯ್ಯ, ಇಲ್ಲಿ ಕುಂತದೇನ್ರಿ ಇದು!" ಎಂದು ಅವರು ನನಗಿಂತ ಜೋರಾಗಿ ಕೂಗಿದರು.

ಅಂದೇ ಎಲ್ಲ ಬೆರಳುಗಳನ್ನೂ ಬದಲಾಯಿಸಿದರು. ಮರುಪರೀಕ್ಷೆಯಲ್ಲಿ ಎಲ್ಲಿಯೂ ಸಾಲ್ಮೊನೆಲ್ಲಾ ಸಿಗಲಿಲ್ಲ. "ಪಾಸಾದ್ವಿ!" ಎನ್ನುತ್ತ ಬಸಪ್ಪ ಇಡೀ ಲ್ಯಾಬಿಗೆ ಪೇಢೆ ಹಂಚಿದರು.

ನಾನು ಎಂ.ಎಸ್‌ಸಿ. ಪಾಸಾದಾಗಲೂ ನಮ್ಮ ಮನೆಯಲ್ಲಿ ಇಷ್ಟು ಪೇಢೆ ಹಂಚಿರಲಿಲ್ಲ.